ಗೊಂಬೆ ಮೆಟ್ಟಿಲ ಮೇಲಿನ ಜರ್ಮನ್ ಕೋಟೆ

ಪ್ಲಾಸ್ಟಿಕ್ ಡಬ್ಬದ ಮುಚ್ಚಳ ತೆಗೆದಾಗ ಮೊದಲು ಕೈಗೆ ಬಂದದ್ದು ಕೋಟೆ. ಪಟ್ಟದ ರಾಜ ರಾಣಿಯರು ಇನ್ನೂ ಕೆಳಗೆ, ಸುಧಾಳ ಹಳೆಯ ಹತ್ತಿ ಸೀರೆಯ ತುಂಡುಗಳಲ್ಲಿ ಸುತ್ತಿಕೊಂಡು ಮಲಗಿದ್ದರು. ದಶಾವತಾರದ ಗುಂಪಿನಲ್ಲಿ ವರಾಹನ ಮೂತಿಯೊಂದು ಮಾತ್ರ ಹೊರಗೆ ಇಣುಕುತ್ತಿತ್ತು. ಕೋಟೆ ಅಂಗೈಗಿಂತ ಸ್ವಲ್ಪ ದೊಡ್ಡದು, ಪಿಂಗಾಣಿಯದು. ಬೂದು ಗೋಡೆ, ನೀಲಿ ಮೊನಚು ಚಾವಣಿ, ಮೂಲೆಗೊಂದು ಗೋಪುರ. ಒಂದು ಗೋಪುರದ ತುದಿ ಯಾವತ್ತೋ ಮುರಿದು, ಅಂಟು ಹಾಕಿಸಿಕೊಂಡು, ಕುಡಿದವನ ಹಾಗೆ ವಾಲಿ ನಿಂತಿದೆ. ಮುರಿದವರು ಯಾರು ಎಂದರೆ ನಾನು ಮಗಳ ಹೆಸರು ಹೇಳುತ್ತೇನೆ, ಮಗಳು ನನ್ನ ಹೆಸರು ಹೇಳುತ್ತಾಳೆ. ತೀರ್ಪು ಕೊಡಬಲ್ಲವಳು ಸುಧಾ ಒಬ್ಬಳೇ ಇದ್ದಳು. ಅವಳು ಹೋಗಿ ಎರಡು ದಸರೆ ಕಳೆದಿವೆ.

ಸುಧಾ ನನ್ನ ಹೆಂಡತಿ. ಅವಳು ಹೋದ ವರ್ಷ ಮನೆಯಲ್ಲಿ ಹಬ್ಬ ಮಾಡುವಂತಿರಲಿಲ್ಲ. ಮರುವರ್ಷ ಮಾಡಬಹುದಾಗಿತ್ತು. ಆದರೆ ಮಿಶಿಗನ್ನಿನ ಕ್ಯಾಂಟನ್ ಊರಿನ ನಮ್ಮ ಮನೆಯ ಬೇಸ್‌ಮೆಂಟಿಗೆ ಇಳಿದು, ಡಬ್ಬಗಳ ಎದುರು ನಿಂತು, ಲೈಟ್ ಆರಿಸಿ ಮೇಲೆ ಬಂದೆ. ಈ ವರ್ಷ ಮಗಳು ಅನಘಾ ಸ್ಕೋಕಿಯಿಂದ ಫೋನ್ ಮಾಡಿ, "ಅಪ್ಪ, ಗೊಂಬೆ ಎಲ್ಲಾ ತಗೊಂಡ್ ಬಾ. ನಾನ್ ಕೂರಿಸ್ತೀನಿ," ಎಂದಳು. ಹೀಗೆ ದಶಾವತಾರ, ಶೆಟ್ಟಿ ದಂಪತಿ, ಮರದ ಆನೆ, ಪ್ಲಾಸ್ಟಿಕ್ ಕ್ರಿಕೆಟ್ ತಂಡ ಎಲ್ಲರೂ ನನ್ನ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಸಿಕೊಂಡು ಮಿಶಿಗನ್ ಬಿಟ್ಟು ಇಲಿನಾಯ್ ಸೇರಿದರು. ದಾರಿಯಲ್ಲಿ ಹೈವೇಯಿಂದ ಇಳಿಯಬೇಕಾದ ಒಂದು ಎಕ್ಸಿಟ್ ತಪ್ಪಿಸಿದೆ. ಎಷ್ಟೋ ಸಲ ಹೋದ ದಾರಿ. ತಪ್ಪಿದ್ದು ಗೊತ್ತಾಗುವ ಹೊತ್ತಿಗೆ ನಾನು ಯಾರದೋ ಸಬ್‌ಡಿವಿಷನ್ನಿನಲ್ಲಿ, ಒಂದೇ ಥರದ ಮನೆಗಳ ಮಧ್ಯೆ, ಇದು ನಮ್ಮದೇ ಇರಬಹುದೇ ಎಂದು ಯೋಚಿಸುತ್ತಿದ್ದೆ. ಡಾಕ್ಟರು ಇದೆಲ್ಲ ವಯಸ್ಸಿಗೆ ಸಹಜ ಎನ್ನುತ್ತಾರೆ. ಅವರಿಗೆ ನನ್ನ ಅರ್ಧ ವಯಸ್ಸು. ಅವರಿಗೆ ಇದು ಗೊತ್ತಾದದ್ದು ಎಲ್ಲಿಂದ?

ಈ 'ಎಲ್ಲಿಂದ' ಎಂಬ ಪ್ರಶ್ನೆಯೇ ನನ್ನ ರೋಗ. ನಾನು ಮೈಸೂರಿನಲ್ಲಿ ಇತಿಹಾಸ ಎಂ.ಎ. ಮಾಡಿದವನು. ಸುಧಾ ಎಂಜಿನಿಯರು. ಅಮೆರಿಕಕ್ಕೆ ಬಂದದ್ದು ಅವಳ ವೀಸಾದ ಮೇಲೆ. ನಾನು ಅವಳ ಸೂಟ್‌ಕೇಸುಗಳ ಜೊತೆಗೆ ಬಂದ ಇನ್ನೊಂದು ಸಾಮಾನು. ಅವಳು ವಿಕ್ಸಮ್ಮಿನ ಇಂಡಸ್ಟ್ರಿಯಲ್ ಪಾರ್ಕಿನಲ್ಲಿ ಕಾರಿನ ಬ್ರೇಕುಗಳಿಗೆ ಸಂಬಂಧಿಸಿದ ಏನನ್ನೋ ಪರೀಕ್ಷೆ ಮಾಡುತ್ತಿದ್ದಳು. ಏನನ್ನು ಎಂದು ನನಗೆ ಕೊನೆಯವರೆಗೂ ಸರಿಯಾಗಿ ಅರ್ಥವಾಗಲಿಲ್ಲ. ನಾನು ಕಮ್ಯುನಿಟಿ ಕಾಲೇಜೊಂದರಲ್ಲಿ ಪಾರ್ಟ್‌ಟೈಮ್ ಪಾಠ ಹೇಳುತ್ತ, ಹತ್ತೊಂಬತ್ತು ವರ್ಷದ ಹುಡುಗರಿಗೆ, "ಇದನ್ನು ಯಾರು ಹೇಳಿದರು? ಯಾವಾಗ ಹೇಳಿದರು? ಅವರು ಅಲ್ಲಿದ್ದರೇ? ಆಕರ ಎಲ್ಲಿ?" ಎಂದು ಪೀಡಿಸುತ್ತಿದ್ದೆ. ಮನೆಯಲ್ಲೂ ಅದೇ ಚಟ. ಸಾರಿಗೆ ಉಪ್ಪು ಹಾಕಿದೀನಿ ಎಂದರೂ ನಂಬದೆ ರುಚಿ ನೋಡುತ್ತಿದ್ದೆ. ಸುಧಾ ನನಗೆ ಆಕರಪ್ಪ ಎಂದು ಹೆಸರಿಟ್ಟಿದ್ದಳು. "ಆಕರಪ್ಪನವರೇ, ಹಾಲು ಉಕ್ತಾ ಇದೆ. ಆಕರ ಬೇಕಾದ್ರೆ ಸ್ಟೋವ್ ನೋಡಿ."

ಹಾಗೆಂದು ನನ್ನ ನೆನಪುಗಳಿಗೆ ಆಕರ ಇದ್ದವೆಂದಲ್ಲ. ಚಿಕ್ಕಂದಿನಲ್ಲಿ ಹಿಟ್ಟಿನ ಗಿರಣಿಯ ಮುಂದೆ ನನಗೆ ನಾಯಿ ಕಚ್ಚಿದ ಕಥೆಯನ್ನು ನಾನು ದಶಕಗಳ ಕಾಲ ಹೇಳಿಕೊಂಡು ಬಂದಿದ್ದೆ. ನಾಯಿಯ ಬಣ್ಣ, ಚಡ್ಡಿ ಹರಿದದ್ದು, ಮೈಯೆಲ್ಲ ಹಿಟ್ಟಾಗಿದ್ದ ಗಿರಣಿಯವನು ನನ್ನನ್ನು ಎತ್ತಿಕೊಂಡು ಓಡಿದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ. ಒಂದು ಸಲ ಊರಿಗೆ ಹೋದಾಗ ಊಟದ ಹೊತ್ತಿನಲ್ಲಿ ಅದನ್ನೇ ಶುರು ಮಾಡಿದೆ. ನಮ್ಮಣ್ಣ ಪ್ಯಾಂಟಿನ ಕಾಲು ಮೇಲೆತ್ತಿ ಮೀನಖಂಡ ತೋರಿಸಿದ. ಕಲೆ ಅಲ್ಲಿತ್ತು. "ಕಚ್ಚಿದ್ದು ನನಗೆ ಕಣೋ. ನೀನು ಮನೇಲಿ ಚಕ್ಕುಲಿ ತಿಂತಾ ಇದ್ದೆ," ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಕೈ ತೊಳೆಯಲು ಹೋದವನು ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ನನ್ನ ಎರಡೂ ಕಾಲುಗಳನ್ನು ಪರೀಕ್ಷಿಸಿದೆ.

ಕೋಟೆಗೆ ಬರೋಣ.

ಅನಘಾ ತೀರಾ ಚಿಕ್ಕವಳಾಗಿದ್ದಾಗ ಸುಧಾಳ ಕಂಪನಿ ಅವಳನ್ನು ಕೆಲವು ತಿಂಗಳ ಮಟ್ಟಿಗೆ ಜರ್ಮನಿಗೆ ಕಳಿಸಿತು. ರಜೆಯಲ್ಲಿ ನಾನೂ ಮಗುವೂ ಹೋಗಿ ಸೇರಿಕೊಂಡೆವು. ಒಂದು ದಿನ ಬಿಡುವು ಸಿಕ್ಕಿತು. ನದಿಯ ದಡದ ಒಂದು ಕೋಟೆಗೆ ಹೋದೆವು. ಕೋಟೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ, ಏಕೆಂದರೆ ಈಗ ಅದರ ಬಗ್ಗೆಯೂ ನನಗೆ ಧೈರ್ಯವಿಲ್ಲ. ವಾಪಸ್ ಬಂದ ವರ್ಷ ಗೊಂಬೆ ಕೂರಿಸುವಾಗ ಸುಧಾ ಈ ಪಿಂಗಾಣಿ ಕೋಟೆಯನ್ನು ತಂದು ಪಟ್ಟದ ಗೊಂಬೆಗಳ ಹಿಂದೆ ಇಟ್ಟಳು. ರಕ್ತಚಂದನದ ರಾಜ ರಾಣಿ ಅವಳ ಅಮ್ಮ ಮದುವೆಯಲ್ಲಿ ಕೊಟ್ಟದ್ದು. ಮಹಾರಾಜರಿಗೆ ಈ ದೇಶದಲ್ಲಿ ವಾಸಕ್ಕೆ ಒಂದು ಅರಮನೆ ಇರಲಿಲ್ಲ. ಆದದ್ದೇನೆಂದರೆ ರಾಜ ಅರಮನೆಗಿಂತ ಎರಡು ಪಟ್ಟು ಎತ್ತರ. ಅರಿಸಿನ ಕುಂಕುಮಕ್ಕೆ ಬಂದ ಒಬ್ಬ ಆಂಟಿ, "ಏನ್ ಸುಧಾ, ರಾಜರು ಮನೆಯೊಳಗೆ ಹೋಗೋದ್ ಹೇಗೆ?" ಎಂದು ಕೇಳಿದರು. "ಹೋಗಲ್ಲ ಆಂಟಿ. ನಮ್ ಥರಾನೇ, ಲೋನ್ ಕಟ್ಕೊಂಡು ಹೊರಗೇ ಇರ್ತಾರೆ," ಎಂದಳು ಅವಳು.

ಒಂದು ವರ್ಷ ಅದೇ ಕೋಟೆ ಲಂಕೆಯಾಯಿತು. ಕಾಗದದ ಹನುಮಂತ ಅದರ ಚಾವಣಿಗೆ ಬೆಂಕಿ ಇಟ್ಟ. ಇನ್ನೊಂದು ವರ್ಷ ಮೇಲೆ ಹತ್ತಿ ಹೊದಿಸಿಕೊಂಡು ಕೈಲಾಸವಾಯಿತು. ಪಾತ್ರ ಯಾವುದೇ ಇರಲಿ, ಬಂದವರಿಗೆಲ್ಲ ಅದರ ನಿಜವಾದ ಚರಿತ್ರೆ ಹೇಳುವ ಕೆಲಸ ನನ್ನದು. ಬೇರೆ ಗಂಡಸರು ಬೇಸ್‌ಮೆಂಟಿನಲ್ಲಿ ಚಿಪ್ಸ್ ತಿನ್ನುತ್ತ ಗ್ರೀನ್ ಕಾರ್ಡಿನ ಮಾತಾಡುತ್ತಿದ್ದರೆ, ನಾನೊಬ್ಬ ಹೆಂಗಸರ ಮಧ್ಯೆ ಗೊಂಬೆಗಳ ಪಕ್ಕ ನಿಂತಿರುತ್ತಿದ್ದೆ. "ಅಂಕಲ್ ಕ್ಲಾಸ್ ಶುರುವಾಯ್ತು," ಎಂದು ಮಕ್ಕಳು ಪಿಸುಗುಡುತ್ತಿದ್ದರು. ತಾಂಬೂಲ ಹಿಡಿದ ಆಂಟಿಯರು ಚಪ್ಪಲಿ ಹಾಕಿಕೊಳ್ಳಲೂ ಆಗದೆ, ಉಳಿಯಲೂ ಆಗದೆ ನಿಲ್ಲುತ್ತಿದ್ದರು.

ಚರಿತ್ರೆ ಇಷ್ಟು. ನದಿ ತಿರುಗುವ ಕಡೆ ಒಂದು ಕಲ್ಲುಗುಡ್ಡ. ಮೊದಲು ಅಲ್ಲಿದ್ದದ್ದು ಒಂದೇ ಒಂದು ಗೋಪುರ. ಅದನ್ನು ಕಟ್ಟಿದವನನ್ನು ಇವತ್ತಿನ ಬ್ರೋಷರುಗಳು ವೀರಯೋಧ ಎನ್ನುತ್ತವೆ. ಅವನ ಕಾಲದ ದೋಣಿಯವರನ್ನು ಕೇಳಿದ್ದರೆ ದರೋಡೆಕೋರ ಎನ್ನುತ್ತಿದ್ದರು. ನದಿಗೆ ಅಡ್ಡಲಾಗಿ ಸರಪಳಿ ಎಳೆಸಿ, ದೋಣಿ ತಡೆದು, ಸುಂಕ ಕಿತ್ತುಕೊಂಡು ಬಿಡುತ್ತಿದ್ದ. ಇದು ಅನ್ಯಾಯವೆಂದು ಒಬ್ಬ ಬಿಷಪ್ ದೇವರ ಹೆಸರಿನಲ್ಲಿ ಸೈನ್ಯ ತಂದು ಅವನನ್ನು ಓಡಿಸಿದ. ಸರಪಳಿಯನ್ನು ಮಾತ್ರ ಹಾಗೆಯೇ ಇಟ್ಟುಕೊಂಡ. ಆಮೇಲೆ ಗೋಡೆಗಳು ಬಂದವು, ಪ್ರಾರ್ಥನಾಮಂದಿರ ಬಂತು, ಬಂಡೆ ಕೊರೆದು ಆಳದ ಬಾವಿ ತೋಡಿದರು. ಧರ್ಮಕ್ಕಾಗಿ ಯುದ್ಧಗಳಾದ ಕಾಲದಲ್ಲಿ ಹಾದುಹೋದ ಪ್ರತಿ ಸೈನ್ಯವೂ ಅಲ್ಲಿ ಉಂಡು ಮಲಗಿ ಹೋಯಿತು. ಕೊನೆಯ ಸೈನ್ಯ ಹೋಗುವಾಗ ಬೆಂಕಿ ಹಚ್ಚಿತು. ಅಲ್ಲಿಂದ ಮುಂದೆ ಬಹಳ ಕಾಲ ಅದು ಯಾರಿಗೂ ಬೇಡವಾಯಿತು. ಕೆಳಗಿನ ಹಳ್ಳಿಯವರು ಬೇಕಾದಾಗ ಬಂದು ಕಲ್ಲು ಕಿತ್ತುಕೊಂಡು ಹೋಗಿ ಮನೆ ಕಟ್ಟಿಕೊಂಡರು. ಯಾವನೋ ರೈತನ ಹಂದಿಗೂಡಿನ ಹೊಸ್ತಿಲಲ್ಲಿ ರಾಜಲಾಂಛನ ಉಳಿಯಿತು.

ಇಲ್ಲಿ ನಾನು ದನಿ ತಗ್ಗಿಸುತ್ತಿದ್ದೆ. ಏಕೆಂದರೆ ನನಗೆ ಪ್ರಿಯವಾದ ಭಾಗ ಇದು. ಒಬ್ಬ ಬಟ್ಟೆ ಗಿರಣಿಯ ಸಾಹುಕಾರ ಬಂದ. ಕೈಯಲ್ಲಿ ದುಡ್ಡು ಬೇಕಾದಷ್ಟಿತ್ತು, ವಂಶಕ್ಕೆ ಹಳಮೆ ಇರಲಿಲ್ಲ. ಪಾಳುಬಿದ್ದ ಗುಡ್ಡವನ್ನು ಕೊಂಡು, ಶಿಲ್ಪಿಯನ್ನು ಕರೆಸಿ, "ಹಳೆಯದಾಗಿ ಕಟ್ಟು," ಎಂದ. ಅಲ್ಲಿ ಯಾವ ಕಾಲದಲ್ಲೂ ಇಲ್ಲದ ಗೋಪುರಗಳು ಎದ್ದವು. ನಾಟಕ ಕಂಪನಿಯಿಂದ ಕೊಂಡ ಕವಚಗಳು ದರ್ಬಾರು ಹಾಲಿನಲ್ಲಿ ಸಾಲಾಗಿ ನಿಂತವು. ಇವತ್ತು ಪೋಸ್ಟ್‌ಕಾರ್ಡಿನಲ್ಲಿ ಎಲ್ಲಕ್ಕಿಂತ ಪುರಾತನವಾಗಿ ಕಾಣುವ ಗೋಪುರವೇ ಎಲ್ಲಕ್ಕಿಂತ ಹೊಸದು. ಮುಂದೆ ಒಂದು ಯುದ್ಧದಲ್ಲಿ ಅದು ಆಸ್ಪತ್ರೆ, ಮತ್ತೊಂದರಲ್ಲಿ ಹುಡುಗರಿಗೆ ಕವಾಯತು ಕಲಿಸುವ ಶಿಬಿರ. ಯುದ್ಧ ಸೋತ ಮೇಲೆ ಮನೆ ಕಳೆದುಕೊಂಡವರು ಬಂದು ದರ್ಬಾರು ಹಾಲಿನ ನೆಲದ ಹಲಗೆಗಳನ್ನೇ ಕಿತ್ತು ಒಲೆಗೆ ಹಾಕಿ ಚಳಿ ಕಳೆದರು. ಈಗ ಟಿಕೆಟ್ಟು, ಕೆಫೆ, ಶನಿವಾರ ಭಾನುವಾರ ಮದುವೆಗಳು.

"ಇದರಲ್ಲಿ ಯಾವುದು ನಿಜವಾದ ಕೋಟೆ?" ಎಂದು ನಾನು ಕೇಳುತ್ತಿದ್ದೆ. ಆಂಟಿಯರು ಸುಧಾಳ ಮುಖ ನೋಡುತ್ತಿದ್ದರು.

ಕೊನೆಗೆ ಬಾವಿ. ಬಾವಿ ಮಾತ್ರ ನಿಜ ಎನ್ನುತ್ತಿದ್ದೆ. ಅದನ್ನು ಯಾವ ಸಾಹುಕಾರನೂ ಹೊಸದಾಗಿ ಮಾಡಲಾರ. ಗೈಡು ಒಂದು ಜಗ್ಗಿನಿಂದ ನೀರು ಸುರಿಯುತ್ತಾನೆ. ಎಲ್ಲರೂ ಉಸಿರು ಹಿಡಿದು ಕಾಯಬೇಕು. ಇನ್ನು ಬರುವುದೇ ಇಲ್ಲ ಎನ್ನುವಾಗ ಪಾತಾಳದಿಂದ ಚಪ್ಪಾಳೆಯಂಥ ಸದ್ದು ಬರುತ್ತದೆ. ಆಗ ಸುಧಾ ಕಟ್ಟೆಯ ಮೇಲೆ ಬಗ್ಗಿದ್ದವಳು ತಲೆ ಎತ್ತಿ ನನ್ನ ಕಡೆ ನೋಡಿ, "ಇಷ್ಟು ಸಾಕು ಕಣ್ರೀ ನನಗೆ," ಎಂದಳು.

ಎಷ್ಟು ಸಾಕು ಎಂದು ನಾನು ಕೇಳಲಿಲ್ಲ. ಬಾವಿಯ ತಂಪು, ಬಿಡುವಿನ ಒಂದು ದಿನ, ಪಕ್ಕದಲ್ಲಿ ಕೆಲಸವಿಲ್ಲದ ಗಂಡ, ಒಂದು ಮಗು. ಅಷ್ಟನ್ನೂ ಸೇರಿಸಿ ಹೇಳಿದಳೆಂದು ಇಟ್ಟುಕೊಂಡೆ. ಅವಳು ಹೋದ ಮೇಲೆ ಆ ಮಾತನ್ನು ಎಷ್ಟು ಸಲ ತೆಗೆದು ನೋಡಿದ್ದೇನೋ. ನನಗಾಗಿ ದುಡಿದು ದುಡಿದು ಹೋದವಳು ಒಮ್ಮೆಯಾದರೂ ನನ್ನ ಜೊತೆ ಸುಖವಾಗಿದ್ದಳು ಎಂಬುದಕ್ಕೆ ನನ್ನಲ್ಲಿದ್ದ ಆಕರ ಅದೊಂದೇ.

ಅನಘಾ ಪುಸ್ತಕದ ಶೆಲ್ಫು, ಕಾರ್ಟನ್ನು, ಒಂದು ಸ್ಟೂಲು ಸೇರಿಸಿ ಮೆಟ್ಟಿಲು ಮಾಡಿದ್ದಳು. ಮೇಲೆ ಹೊದಿಸಲು ನನ್ನ ಜರಿ ಪಂಚೆ. ನಾನು ರಾಜನನ್ನು ರಾಣಿಯ ಯಾವ ಪಕ್ಕಕ್ಕೆ ಇಡಬೇಕೆಂದು ಮರೆತು ಎರಡೂ ಕಡೆ ಇಟ್ಟು ನೋಡುತ್ತಿದ್ದೆ. ಅವಳು ಕೆಳಗಿನ ಮೆಟ್ಟಿಲಿನಲ್ಲಿ ಕ್ರಿಕೆಟ್ ಫೀಲ್ಡ್ ಸೆಟ್ ಮಾಡುತ್ತ, ತಲೆ ಎತ್ತದೆ ಹೇಳಿದಳು:

"ಅಮ್ಮಂಗೆ ಇದೆಲ್ಲಾ ಇಷ್ಟ ಇತ್ತಾ ಅಪ್ಪ? ಐ ಮೀನ್, ಆಫೀಸಿಂದ ಬಂದು, ಕಡ್ಲೆಕಾಳು ನೆನೆಸಿ, ಇಷ್ಟೊಂದ್ ಜನಕ್ಕೆ... ಷಿ ವಾಸ್ ಆಲ್ವೇಸ್ ಸೋ ಟೈಯರ್ಡ್."

"ಇಷ್ಟ ಇಲ್ಲದೆ ಮಾಡ್ತಿದ್ಲಾ?"

"ಇಷ್ಟ ಇಲ್ಲದೇನೂ ಜನ ಮಾಡ್ತಾರೆ." ವಿಕೆಟ್‌ಕೀಪರನನ್ನು ನಿಲ್ಲಿಸಿದಳು. ಅವನು ಬಿದ್ದ. ಮತ್ತೆ ನಿಲ್ಲಿಸಿದಳು. "ಷಿ ವಾಸಂಟ್ ಹ್ಯಾಪಿ, ಅಪ್ಪ. ನಿಂಗೆ ಗೊತ್ತಿರ್ಬೇಕಲ್ವಾ."

ಬೈಯುವ ದನಿಯಲ್ಲ. ಹೊರಗೆ ಚಳಿ ಇದೆ, ಜಾಕೆಟ್ ಹಾಕಿಕೋ ಎನ್ನುವ ದನಿ. ನಾನು ಬಾವಿಯ ಕಥೆ ತೆಗೆದೆ. ಅವಳು ಸಮಾಧಾನವಾಗಿ ಪೂರ್ತಿ ಕೇಳಿದಳು.

"ಯೂ ಆಲ್ವೇಸ್ ಟೆಲ್ ದಟ್. ಆದ್ರೆ ವಾಟ್ಸ್ ಯುವರ್ ಸೋರ್ಸ್, ಅಪ್ಪ?"

ಮೊದಲು ನಕ್ಕಿದ್ದು ನಾನು. ಅವಳೂ ನಕ್ಕಳು. ಆದರೆ ನನ್ನ ನಗು ಅರ್ಧದಲ್ಲಿ ನಿಂತಿತು. "ಗಿರಿಜಾ ಆಂಟಿ ಇದ್ರಲ್ಲ ಅವತ್ತು. ಕಾರ್ ಡ್ರೈವ್ ಮಾಡಿದ್ದೇ ಅವರು. ನಾಳೆ ಕುಂಕುಮಕ್ಕೆ ಬರ್ತಾರಲ್ಲ, ಅವರನ್ನೇ ಕೇಳು," ಎಂದೆ. ಸಾಕ್ಷಿಯನ್ನು ಕರೆಸಿದವನು ನಾನೇ. ಇದನ್ನು ಇಲ್ಲಿ ಹೇಳಿಬಿಡಬೇಕು.

ಗಿರಿಜಾ ಧಾರವಾಡದ ಕಡೆಯವರು, ಸುಧಾಳ ಜೊತೆ ಅದೇ ಪ್ರಾಜೆಕ್ಟಿನಲ್ಲಿ ಜರ್ಮನಿಗೆ ಹೋದವರು. ಆಮೇಲೆ ಎಷ್ಟೋ ವರ್ಷ ದಸರೆಗೆ ನಮ್ಮ ಮನೆಗೆ ಬರುತ್ತಿದ್ದವರು, ಕೆಲಸ ಬದಲಿಸಿ ಸ್ಕೋಕಿಗೆ ಬಂದು ನೆಲೆಸಿದರು. ಮರುದಿನ ಸಂಜೆ ಎಲ್ಲರಿಗಿಂತ ಮೊದಲು ಅವರೇ ಬಂದರು. ಗೊಂಬೆಗಳ ಮುಂದೆ ನಿಂತು ಕೈ ಮುಗಿದರು. ಆಮೇಲೆ ಕೋಟೆಯನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡರು.

"ಇದನ್ನ ಇನ್ನೂ ಇಟ್ಟೀರೇನ್ರಿ ಸರ? ಪೆಟ್ರೋಲ್ ಬಂಕ್‌ನ್ಯಾಗ ತೊಗೊಂಡದ್ದು ಇದು. ಹಾದ್ಯಾಗ. ನಾ ಪೆಟ್ರೋಲ್ ಹಾಕಸ್ಲಿಕ್ಕೆ ನಿಂತಿದ್ದೆ, ಅಕಿ ಕಾಫಿ ತರ್ತೀನಿ ಅಂತ ಹೋಗಿ ಇದನ್ನ ತಂದ್ಲು."

"ಕೋಟೆಯ ಅಂಗಡೀಲಲ್ವಾ?" ಎಂದೆ.

"ಎಲ್ಲಿ ಕೋಟೆ ಅಂಗಡೀರಿ! ಅದು ಬಂದ್ ಇತ್ತಲ್ಲ. ಸೋಮವಾರ. ಅವರ ಮ್ಯೂಸಿಯಮ್ಮು, ಕೋಟೆ ಎಲ್ಲಾ ಸೋಮವಾರ ಬಂದ್ ಇಟ್ಟಿರ್ತಾರ. ನಮಗೇನ್ ಗೊತ್ತಿತ್ತು? ನೀವು, ಈ ಕೂಸು ಮ್ಯಾಲೆ ಮಟಾ ಹತ್ತಿ ಹೋಗಿ, ಬಾಗ್ಲಾ ಬಡದು, ಸಪ್ಪ ಮಾರಿ ಮಾಡ್ಕೊಂಡು ಇಳದು ಬಂದ್ರಿ. ನಾ ಕಾರ್ ಹತ್ರ ನಿಂತು ನಕ್ಕೀನಿ."

ನಾನು ಅನಘಾಳ ಕಡೆ ನೋಡಲಿಲ್ಲ. "ಹಾಗಾದ್ರೆ ಬಾವಿ?" ಎಂದೆ.

"ಬಾವಿ ಕಥಿ ನಂದರಿ. ಮುಂದ ನಮ್ಮವ್ವ ಬಂದಿದ್ಲಲ್ಲ, ಅಕಿನ್ನ ಕರಕೊಂಡು ಇನ್ನೊಮ್ಮೆ ಹೋಗಿದ್ದೆ. ನೀರು ಹಾಕಿದ್ರೆ ಸಪ್ಪಳ ಬರೂದು ಎಷ್ಟ್ ತಡಾ ಅಂತ ನಿಮ್ಮ ಮನ್ಯಾಗ ಊಟಕ್ಕ ಕೂತಾಗ ನಾನ ಹೇಳಿದ್ನಲ್ಲ. ನೀವು ಹತ್ತು ಪ್ರಶ್ನೆ ಕೇಳಿದ್ರಿ. ಯಾರು ತೋಡಿದ್ರು, ಯಾವಾಗ ತೋಡಿದ್ರು ಅಂತ. ಮರತ್ರೇನು?"

"ಸುಧಾ ಎಲ್ಲಿದ್ದಳು? ಅವತ್ತು, ನಾವು ಮೇಲೆ ಹೋದಾಗ?"

"ಮಕ್ಕೊಂಡಿದ್ಲರಿ. ಹಿಂದಿನ ಸೀಟ್‌ನ್ಯಾಗ. ಹಿಂದಿನ ದಿನ ಡಬಲ್ ಶಿಫ್ಟ್ ಆಗಿತ್ತು ಅಕಿಗೆ. ಹೋಗೂ ಮುಂದ ಮಕ್ಕೊಂಡಾಕಿ, ಬಂಕ್ ಬರೂ ಮಟಾ ಎದ್ದಿಲ್ಲ."

ಆಗ ಅನಘಾ ಮಾತಾಡಿದಳು. ಬಾಳೆಲೆಯ ಆಕಾರದ ಪೇಪರ್ ತಟ್ಟೆಗಳನ್ನು ಜೋಡಿಸುತ್ತಿದ್ದವಳ ಕೈ ನಿಂತಿತ್ತು.

"ಅಮ್ಮನ ಬಾಯಿ ಓಪನ್ ಇತ್ತು. ನಾವು ಕೆಳಗೆ ಬಂದಾಗ. ನಾನು ಫಿಂಗರ್ ಇಟ್ಟು ನೋಡ್ದೆ, ಉಸಿರು ಬರ್ತಿದ್ಯಾ ಅಂತ. ಐ ರಿಮೆಂಬರ್ ದಟ್. ಅದು ಎಲ್ಲಿ ಅಂತ ಗೊತ್ತಿರಲಿಲ್ಲ ನಂಗೆ. ಷಿ ಡಿಡಂಟ್ ವೇಕ್ ಅಪ್."

ನಾನು ಹಟ ಬಿಡಲಿಲ್ಲ. ಒಬ್ಬ ಸಾಕ್ಷಿ ತಪ್ಪಬಹುದು. ಇಬ್ಬರು ಸೇರಿಯೂ ತಪ್ಪಬಹುದು. ಒಬ್ಬರು ಹೇಳಿದ್ದು ಕೇಳಿ ಇನ್ನೊಬ್ಬರ ನೆನಪು ತಯಾರಾಗುವುದನ್ನು ನಾನೇ ಪಾಠ ಮಾಡಿದ್ದೇನೆ. ನನ್ನ ಬಳಿ ಇನ್ನೊಂದು ವಾದವಿತ್ತು. ಪ್ರತಿ ವರ್ಷ ಗೊಂಬೆಗಳ ಮುಂದೆ ನಿಂತು ಬಾವಿಯ ಕಥೆ ಹೇಳುವಾಗ ಸುಧಾ ಅಲ್ಲೇ ಕುಂಕುಮದ ಬಟ್ಟಲು ಹಿಡಿದು ನಿಂತಿರುತ್ತಿದ್ದಳು. ಒಂದು ಸಲವೂ ಅಲ್ಲಗಳೆಯಲಿಲ್ಲ. ಅದನ್ನು ಗಿರಿಜಾಗೆ ಹೇಳಿದೆ.

ಗಿರಿಜಾ ಕೋಟೆಯನ್ನು ಜೋಪಾನವಾಗಿ ರಾಜನ ಹಿಂದಕ್ಕೆ ಇಟ್ಟರು. "ನಾನೂ ಕೇಳಿದ್ದೆ ಅಕಿನ್ನ. ಯಾಕವ್ವಾ, ನನ್ನ ಬಾವಿ ನಿನ್ನ ಗಂಡ ಕದ್ದಾರಲ್ಲ ಅಂದೆ. ಹೇಳ್ಲಿ ಬಿಡು, ಛಲೋ ಹೇಳ್ತಾರ, ಅಂದ್ಲು."

"ಬಾವಿ ಹತ್ತಿರ ಅವಳು ಹೇಳಿದ ಮಾತು? ಇಷ್ಟು ಸಾಕು ಕಣ್ರೀ ಅಂದದ್ದು? ಅದನ್ನೂ ನಾನು ಅವಳ ಎದುರು ಹೇಳ್ತಿದ್ದೆನಲ್ಲ?"

ಗಿರಿಜಾ ನನ್ನನ್ನು ನೋಡಿದರು. "ಅದನ್ನ ನಾ ಎಂದೂ ಕೇಳಿಲ್ರಿ ಸರ. ನೀವು ನೀರಿನ ಸಪ್ಪಳಕ್ಕ ಮುಗಸ್ತಿದ್ರಿ."

ಆ ಕ್ಷಣದಲ್ಲಿ ನನಗೆ ಆದದ್ದನ್ನು ನೇರವಾಗಿ ಬರೆಯುತ್ತೇನೆ. ಆ ಮಾತನ್ನು ಸುಧಾ ಇದ್ದಾಗ ಒಮ್ಮೆಯಾದರೂ ಜೋರಾಗಿ ಹೇಳಿದ್ದೇನೆಯೇ ಎಂದು ಹುಡುಕಿದೆ. ಕ್ಯಾಂಟನ್ ಮನೆಯ ಹಾಲ್, ಆಂಟಿಯರ ಮುಖಗಳು, ಸುಧಾಳ ಕೈಯ ಬಟ್ಟಲು, ಪ್ರತಿ ದಸರೆಯನ್ನೂ ಒಂದೊಂದಾಗಿ ನಿಲ್ಲಿಸಿ ಕೇಳಿಸಿಕೊಂಡೆ. ಪ್ರತಿ ಸಲ ನೀರಿನ ಸದ್ದಿಗೆ ಕಥೆ ಮುಗಿಯುತ್ತಿತ್ತು. ಹಾಗಾದರೆ ಆ ಮಾತು ಯಾವಾಗ ಬಂದು ಸೇರಿತು? ಆಸ್ಪತ್ರೆಯಿಂದ ಒಬ್ಬನೇ ಮನೆಗೆ ಬಂದ ಮೇಲೆಯೇ? ಬೇಸ್‌ಮೆಂಟಿನ ಲೈಟ್ ಆರಿಸಿದ ದಿನವೇ? ನನಗೆ ಗೊತ್ತಿಲ್ಲ. ಕಳೆದ ಎರಡು ವರ್ಷ ನನ್ನ ಜೀವ ಹಿಡಿದಿಟ್ಟಿದ್ದ ಮಾತನ್ನು ಹೇಳಿದವಳು ಸುಧಾ ಅಲ್ಲದಿದ್ದರೆ ಹೇಳಿದವನು ನಾನು. ಪಾಳುಬಿದ್ದ ಗುಡ್ಡದ ಮೇಲೆ ನಿಂತು 'ಹಳೆಯದಾಗಿ ಕಟ್ಟು' ಎಂದ ಆ ಸಾಹುಕಾರನನ್ನು ಎಷ್ಟು ವರ್ಷ ಗೇಲಿ ಮಾಡಿದೆ. ಅವನಿಗಾದರೂ ತಾನು ಕಟ್ಟಿಸುತ್ತಿದ್ದೇನೆಂದು ಗೊತ್ತಿತ್ತು.

ಆಕರವಿಲ್ಲದ ಮೇಲೆ ಉಳಿಯುವುದು ನೇರ ಪ್ರಶ್ನೆ. ಅದನ್ನೇ ಕೇಳಿದೆ. "ಗಿರಿಜಾ ಅವರೇ, ಅವಳು ಖುಷಿಯಾಗಿದ್ದಳಾ?"

"ಇದ್ಲರಿ," ಎಂದರು ಗಿರಿಜಾ. "ಭಾಳ ಖುಷಿ ಇದ್ಲು. ಹಂಗ್ಯಾಕ ಕೇಳ್ತೀರಿ?"

ತುಂಬ ಬೇಗ ಬಂತು ಆ ಉತ್ತರ. ಬಾವಿಯ ವಿಷಯದಲ್ಲಿ, ಪೆಟ್ರೋಲ್ ಬಂಕಿನ ವಿಷಯದಲ್ಲಿ ಅವರು ಕಣ್ಣು ಕಿರಿದು ಮಾಡಿ, ಆ ದಿನವನ್ನು ಎಳೆದು ತಂದು ಹೇಳಿದ್ದರು. ಇದಕ್ಕೆ ಯಾವ ದಿನವನ್ನೂ ತರಲಿಲ್ಲ. ಅವರು ಒಳ್ಳೆಯವರು, ಆ ಒಳ್ಳೆಯತನ ನನಗೆ ಉಪಯೋಗಕ್ಕೆ ಬರಲಿಲ್ಲ. ನಂಬುವುದನ್ನು ಕಲಿಯದೆ ಓದಿದರೆ ಏನಾಗುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಎಲ್ಲಿಂದ ಎಂದು ಕೇಳುತ್ತಿದ್ದೆ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಮೇಲಿನ ಮಹಡಿಯ ಹುಡುಗಿ, ಮಂಡ್ಯದ ಕಡೆಯವಳು. ಗಂಡನ ವೀಸಾದ ಮೇಲೆ ಹೊಸದಾಗಿ ಬಂದವಳು. ಈ ದೇಶದಲ್ಲಿ ಗೊಂಬೆ ನೋಡುತ್ತಿರುವುದು ಇದೇ ಮೊದಲಂತೆ; ರೇಷ್ಮೆ ಸೀರೆ ಉಟ್ಟು, ಮೇಲೆ ಗಂಡನ ದಪ್ಪ ಜಾಕೆಟ್ ಹಾಕಿಕೊಂಡು ಬಂದಿದ್ದಳು. ಅವಳ ಕಣ್ಣು ಒಂದೊಂದೇ ಮೆಟ್ಟಿಲು ಹತ್ತಿ ಕೋಟೆಯ ಮೇಲೆ ನಿಂತಿತು.

"ಅಕ್ಕಾ, ಇದ್ಯಾವ್ ಅರಮನೆ? ನಮ್ ಮೈಸೂರ್ದಲ್ವಲ್ಲ?"

ನನ್ನ ಸರದಿ ಅದು. ಬಾಯಿ ತೆರೆದೆ. ನದಿ ತಿರುಗುವ ಕಡೆ ಒಂದು ಕಲ್ಲುಗುಡ್ಡ ಎಂದು ಶುರು ಮಾಡಬೇಕು. ಮಾತು ಹೊರಡಲಿಲ್ಲ. ಅನಘಾ ನನ್ನನ್ನು ನೋಡಿದಳು. ನೋಡಿ, ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, ತನಗೆ ಬರುವ ಕನ್ನಡದಲ್ಲಿ, ಅಲ್ಲಲ್ಲಿ ನಿಂತು ಪದ ಹುಡುಕುತ್ತ ಹೇಳತೊಡಗಿದಳು.

"ಇದು ಜರ್ಮನೀದು. ಅಪ್ಪ, ಅಮ್ಮ, ನಾನು ಹೋಗಿದ್ವಿ. ಅಲ್ಲಿ ಒಂದ್ ಬಾವಿ ಇದೆ, ಸೂಪರ್ ಡೀಪ್. ಗೈಡ್ ನೀರು ಹಾಕ್ತಾನೆ, ಆಮೇಲೆ ಎಲ್ಲಾರೂ ಸೈಲೆಂಟಾಗಿ ವೇಟ್ ಮಾಡ್ಬೇಕು. ತುಂಬಾ ಹೊತ್ತು. ಸೌಂಡ್ ಬಂದಾಗ ನಮ್ಮಮ್ಮ ಅಪ್ಪನ್ನ ನೋಡಿ ಹೇಳಿದ್ಲು, 'ಇಷ್ಟು ಸಾಕು ಕಣ್ರೀ ನನಗೆ' ಅಂತ." ಕೋಟೆಯ ವಾಲಿದ ಗೋಪುರವನ್ನು ಬೆರಳಿನಿಂದ ಮುಟ್ಟಿದಳು. "ನಾನು ಅಮ್ಮನ ಜಾಕೆಟ್ ಹಿಡ್ಕೊಂಡಿದ್ದೆ. ಬೀಳ್ತೀನಿ ಅಂತ ಭಯ ಆಗಿತ್ತು ನಂಗೆ."

"ಅಯ್ಯೋ, ಎಷ್ಟ್ ಚೆನ್ನಾಗ್ ಹೇಳವ್ರೆ ನಿಮ್ಮಮ್ಮ!" ಎಂದಳು ಮಂಡ್ಯದ ಹುಡುಗಿ. ಅವಳ ಕಣ್ಣು ಒದ್ದೆಯಾಗಿತ್ತು. ಊರಿನಲ್ಲಿ ಅವಳ ಅಮ್ಮನ ನೆನಪಾಗಿರಬೇಕು. ಗಿರಿಜಾ ತಮ್ಮ ತಟ್ಟೆಯ ಕಡಲೆಕಾಳು ಉಸಲಿಯನ್ನೇ ನೋಡುತ್ತಿದ್ದರು.

ನಾನು ತಿದ್ದಬೇಕಾಗಿತ್ತು. ತಿದ್ದಲಿಲ್ಲ. ಮಗಳು ಸುಳ್ಳು ಹೇಳಿದ್ದು ಅವಳ ಅಮ್ಮನಿಗಾಗಿ ಅಲ್ಲ, ಆ ಹುಡುಗಿಗಾಗಿಯೂ ಅಲ್ಲ. ಮೆಟ್ಟಿಲ ಪಕ್ಕ ಬಾಯಿ ತೆರೆದುಕೊಂಡು ನಿಂತಿದ್ದ ಒಬ್ಬ ಮುದುಕನಿಗಾಗಿ. ಹೇಳ್ಲಿ ಬಿಡು ಎಂದವಳ ಮಗಳು ಅವಳು. ಇನ್ನು ಮುಂದೆ ನಾನು ಏನು ಹೇಳಿದರೂ ಅವಳು ತಲೆಯಾಡಿಸುತ್ತಾಳೆ, ನನ್ನ ಜೊತೆ ಯಾವತ್ತೂ ಜಗಳ ಮಾಡುವುದಿಲ್ಲ ಎಂದು ಆಗ ಅರ್ಥವಾಯಿತು.

ಅದಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಇನ್ನೊಂದಕ್ಕೆ. ಅವಳು ಜಾಕೆಟ್ ಎಂದ ಕೂಡಲೇ ನನಗೆ ಜಾಕೆಟ್ ಕಾಣಿಸಿತು. ಕೆಂಪು ಜಾಕೆಟ್. ಅವಳು ಬಣ್ಣ ಹೇಳಿರಲಿಲ್ಲ. ಅದರ ಅಂಚನ್ನು ಮುಷ್ಟಿಯಲ್ಲಿ ಹಿಡಿದ ಪುಟ್ಟ ಕೈ ಕಾಣಿಸಿತು, ಬಾವಿಕಟ್ಟೆಯ ಪಾಚಿ ಕಾಣಿಸಿತು. ಆ ನೆನಪು ಹುಟ್ಟಿದ ಊರು ಗೊತ್ತು, ಹೊತ್ತು ಗೊತ್ತು, ಹೇಳಿದವರು ಗೊತ್ತು. ಇಷ್ಟು ಖಚಿತವಾದ ಆಕರ ನನಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಆದರೂ ಅದು ಅಳಿಸಲಿಲ್ಲ, ಈಗಲೂ ಅಳಿಸಿಲ್ಲ.

ಎಲ್ಲರೂ ಹೋದ ಮೇಲೆ ನಾನು ಸೋಫಾದ ಮೇಲೆ ಕೂತು ಇನ್ನೊಂದನ್ನು ಹುಡುಕಿದೆ. ಕೋಟೆಯ ಕೆಳಗಿನ ಪಾರ್ಕಿಂಗ್ ಜಾಗ. ಸೋಮವಾರ. ಕಾರಿನ ಹಿಂದಿನ ಸೀಟಿನಲ್ಲಿ ದುಡಿದು ಸಾಕಾಗಿ, ಬಾಯಿ ತೆರೆದು ನಿದ್ದೆ ಹೋಗಿರುವ ಸುಧಾ. ನಾನ್ಯಾಕೆ ಒಂದು ನಿಮಿಷವಾದರೂ ಅವಳನ್ನು ನೋಡಿರಬಾರದು? ಕಾರಿನ ಬಾಗಿಲು ತೆಗೆದವನು ನಾನೇ ಇರಬೇಕಲ್ಲ. ಇಬ್ಬರು ಸಾಕ್ಷಿಗಳಿರುವ, ಅನುಮಾನಕ್ಕೆ ಎಡೆಯಿಲ್ಲದ ಸಂಗತಿ ಅದು. ಆ ದಿನದಲ್ಲಿ ನಿಜವಾಗಿಯೂ ನಡೆದದ್ದೆಂದು ನಾನು ನಂಬಬಲ್ಲದ್ದು ಅದೊಂದೇ. ಅದೊಂದೇ ನನಗೆ ನೆನಪಿಲ್ಲ.